ಮೊದಲ ಹೆಜ್ಜೆಗೇ ಹಿತವಾಗಿರಬೇಕು

‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್.’

ಶೂ ಅಂಗಡಿಯಲ್ಲಿ ಈ ಮಾತು ಕೇಳದವರು ಇರಲಾರರು. ಹೆಬ್ಬೆರಳು ಮುಂದೆ ತಾಗುತ್ತಿದೆ ಎಂದರೂ ಇದೇ ಸಮಾಧಾನ, ಕಿರುಬೆರಳ ಬಳಿ ಬಿಗಿ ಎಂದರೂ ಇದೇ ಸಮಾಧಾನ. ಹೇಳುವವರು ಮೋಸ ಮಾಡಲೆಂದು ಹೇಳುವುದಲ್ಲ. ಅದು ಚರ್ಮದ ಕಾಲದ ಅನುಭವ. ಹೊಸ ಚಪ್ಪಲಿ ಕಚ್ಚುತ್ತದೆ, ಎಣ್ಣೆ ಸವರಿ ನಾಲ್ಕು ದಿನ ಮೆಟ್ಟಿ ಓಡಾಡಿದರೆ ಹದಕ್ಕೆ ಬರುತ್ತದೆ ಎಂಬುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಗೊತ್ತಿರುವ ಸಂಗತಿ. ಚರ್ಮ ಹಿಗ್ಗುತ್ತದೆ, ಬಾಗುತ್ತದೆ, ಮೆಟ್ಟಿದವರ ಪಾದಕ್ಕೆ ಒಗ್ಗಿಕೊಳ್ಳುತ್ತದೆ. ಆದರೆ ಇಂದಿನ ರನ್ನಿಂಗ್ ಶೂನಲ್ಲಿ ಚರ್ಮ ಎಲ್ಲಿದೆ? ಮೇಲ್ಭಾಗ ಪಾಲಿಯೆಸ್ಟರ್ ಅಥವಾ ನೈಲಾನ್ ಎಳೆಯ ಜಾಲರಿ ಬಟ್ಟೆ, ಅಡಿಯಲ್ಲಿ ಫೋಮ್, ಅದರ ಕೆಳಗೆ ರಬ್ಬರ್. ಬಟ್ಟೆ ತುಸು ಮೆದುವಾಗಬಹುದು. ಶೂ ಉದ್ದವಾಗುವುದಿಲ್ಲ, ಹೇಳಿಕೊಳ್ಳುವಷ್ಟು ಅಗಲವೂ ಆಗುವುದಿಲ್ಲ. ಅಂಗಡಿಯಲ್ಲಿ ಒತ್ತಿದ್ದು ಆರನೇ ಕಿಲೋಮೀಟರಿನಲ್ಲಿ ಇನ್ನೂ ಹೆಚ್ಚು ಒತ್ತುತ್ತದೆ, ಏಕೆಂದರೆ ಅಷ್ಟು ಹೊತ್ತಿಗೆ ಪಾದ ಊದಿಕೊಂಡಿರುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಹುಬ್ಬಳ್ಳಿಯ ಉಣಕಲ್ ಕೆರೆಯ ಬಳಿ ಬೆಳ್ಳಂಬೆಳಿಗ್ಗೆ ಓಡುವವರಲ್ಲಿ ಬಹುಪಾಲು ಮಂದಿ ಕ್ರೀಡಾಪಟುಗಳಲ್ಲ. ನಲವತ್ತರ ಆಸುಪಾಸಿನಲ್ಲಿ ವೈದ್ಯರ ಮಾತಿಗೋ, ಗೆಳೆಯರ ಒತ್ತಾಯಕ್ಕೋ, 2008ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ 10ಕೆ ಓಟದಲ್ಲಿ ಒಮ್ಮೆಯಾದರೂ ಓಡಬೇಕೆಂಬ ಆಸೆಗೋ ಶುರು ಮಾಡಿದವರು. ಅವರಿಗೆ ಕೋಚ್ ಇಲ್ಲ, ಫಿಸಿಯೋ ಇಲ್ಲ. ಇರುವುದು ಒಂದು ಜೊತೆ ಶೂ. ಅದು ಹೊಂದದೆ ಹೋದರೆ ಅವರು ಶೂ ಬದಲಿಸುವುದಿಲ್ಲ, ಓಟವನ್ನೇ ಬಿಡುತ್ತಾರೆ. ‘ನನ್ನ ಕಾಲಿಗೆ ಓಟ ಆಗಿಬರಲಿಲ್ಲ’ ಎನ್ನುವ ಎಷ್ಟೋ ಮಂದಿಯನ್ನು ನೋಡಿದ್ದೇನೆ. ಅವರಲ್ಲಿ ಕೆಲವರಿಗಾದರೂ ಆಗಿಬರದೆ ಇದ್ದದ್ದು ಶೂ.

ಹಾಗಾದರೆ ಯಾವ ಕಂಪನಿಯ ಶೂ ಒಳ್ಳೆಯದು? ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಅದಕ್ಕೂ ಮೊದಲು ಕೇಳಬೇಕಾದದ್ದು, ನಿಮ್ಮ ಪಾದದ ಅಳತೆ ನಿಮಗೆ ಗೊತ್ತೇ ಎಂಬುದು. ಹತ್ತು ವರ್ಷದ ಹಿಂದೆ ಆಫೀಸಿಗೆಂದು ಕೊಂಡ ಬೂಟಿನ ನಂಬರನ್ನೇ ಇಂದಿಗೂ ಹೇಳುವವರು ಬಹಳ. ವಯಸ್ಸಾದಂತೆ, ತೂಕ ಏರಿದಂತೆ ಪಾದ ಹರಡಿಕೊಳ್ಳುತ್ತದೆ. ಹೆರಿಗೆಯ ನಂತರ ಅನೇಕ ಹೆಣ್ಣುಮಕ್ಕಳ ಪಾದ ಶಾಶ್ವತವಾಗಿ ತುಸು ಉದ್ದವಾಗುತ್ತದೆ, ಅಂಗಾಲಿನ ಕಮಾನು ಸ್ವಲ್ಪ ತಗ್ಗುತ್ತದೆ. ಆದ್ದರಿಂದ ಒಂದು ಸಂಜೆ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಬಿಳಿ ಹಾಳೆಯ ಮೇಲೆ ಪೂರ್ತಿ ಭಾರ ಹಾಕಿ ನಿಂತು, ಅತಿ ಉದ್ದದ ಬೆರಳಿನ ತುದಿಗೆ ಗೆರೆ ಎಳೆಯಿರಿ. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ ಇರುತ್ತದೆ. ಲೆಕ್ಕಕ್ಕೆ ಬರುವುದು ಅದು. ಎರಡೂ ಕಾಲನ್ನು ಅಳೆಯಿರಿ. ಹೆಚ್ಚಿನವರಿಗೆ ಒಂದು ಪಾದ ಇನ್ನೊಂದಕ್ಕಿಂತ ಕೊಂಚ ದೊಡ್ಡದು. ಶೂ ಕೊಳ್ಳಬೇಕಾದದ್ದು ದೊಡ್ಡ ಪಾದಕ್ಕೆ.

ನಾವು ಅಂಗಡಿಯಲ್ಲಿ ಎಂಟು, ಒಂಬತ್ತು ಎಂದು ಕೇಳುವುದು ಬ್ರಿಟಿಷರು ಬಿಟ್ಟುಹೋದ ಅಳತೆ. ಅದರಲ್ಲಿ ಒಂದು ಸೈಜಿನಿಂದ ಇನ್ನೊಂದಕ್ಕೆ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ಅಂತರ. ಹಿಂದೆ ಇಂಗ್ಲೆಂಡಿನಲ್ಲಿ ಒಂದು ಬಾರ್ಲಿ ಕಾಳಿನ ಉದ್ದವೆಂದು ಹಿಡಿದ ಲೆಕ್ಕವದು. ನಡುವಿನ ಅರ್ಧ ಸೈಜನ್ನು ಎಲ್ಲ ಅಂಗಡಿಗಳೂ ಇಡುವುದಿಲ್ಲ. ಅಮೆರಿಕದ ನಂಬರ್ ಬೇರೆ, ಯುರೋಪಿನದು ಬೇರೆ. ಆನ್‌ಲೈನಿನಲ್ಲಿ ಕೊಳ್ಳುವಾಗ ಅಮೆರಿಕದ 9ನ್ನು ಬ್ರಿಟನ್ನಿನ 9 ಎಂದುಕೊಂಡರೆ ಗಂಡಸರ ಶೂ ಒಂದು ಸೈಜಿನಷ್ಟು ಚಿಕ್ಕದು ಬಂದು ಕೂರುತ್ತದೆ. ನಾಲಗೆಯ ಒಳಗೆ ಹೊಲಿದಿರುವ ಚೀಟಿಯಲ್ಲಿ ಈ ಎಲ್ಲ ನಂಬರುಗಳ ಜೊತೆಗೆ ಸೆಂಟಿಮೀಟರ್ ಅಂಕಿಯೂ ಸಾಮಾನ್ಯವಾಗಿ ಇರುತ್ತದೆ. ಹಾಳೆಯ ಮೇಲೆ ಎಳೆದ ಗೆರೆಯ ಜೊತೆ ಹೋಲಿಸಲು ಒದಗುವುದು ಅದೊಂದೇ. ಹಾಗಿದ್ದೂ ಕಂಪನಿಯಿಂದ ಕಂಪನಿಗೆ ಶೂ ಕಟ್ಟುವ ಅಚ್ಚು ಬೇರೆಯಾದ್ದರಿಂದ, ಒಂದರಲ್ಲಿ ಎಂಟು ಸರಿಹೋದವರಿಗೆ ಇನ್ನೊಂದರಲ್ಲಿ ಎಂಟೂವರೆ ಬೇಕಾಗಬಹುದು.

ಉದ್ದಕ್ಕಿಂತ ದೊಡ್ಡ ತೊಡಕು ಅಗಲದ್ದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು 3ಡಿ ಸ್ಕ್ಯಾನರಿನಲ್ಲಿ ಅಳೆಯಿತು. ಭಾರತೀಯರಿಗೆಂದೇ ‘ಭಾ’ ಎಂಬ ಹೊಸ ಸೈಜ್ ಪದ್ಧತಿಯನ್ನು ರೂಪಿಸುವ ಕೆಲಸ ಅದು. ಆ ಸಮೀಕ್ಷೆಯಲ್ಲಿ ಕಂಡದ್ದು, ನಮ್ಮವರ ಪಾದ ಸರಾಸರಿಯಲ್ಲಿ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಎಂಬುದು. ಅಗಲ ಸಾಲದೆ ಇದ್ದಾಗ ನಾವು ಏನು ಮಾಡುತ್ತೇವೆ? ಒಂದು ಸೈಜ್ ದೊಡ್ಡದು ಕೊಳ್ಳುತ್ತೇವೆ. ಆಗ ಉದ್ದ ಹೆಚ್ಚಾಗಿ ಹಿಮ್ಮಡಿ ಮೇಲೇಳುತ್ತದೆ. ಅದನ್ನು ಹಿಡಿದಿಡಲು ಲೇಸ್ ಜಗ್ಗಿ ಕಟ್ಟುತ್ತೇವೆ. ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ. ಇದಕ್ಕೆ ಮದ್ದು ದೊಡ್ಡ ಸೈಜಲ್ಲ, ಅಗಲದ ಶೂ. ಗಂಡಸರ ಶೂಗಳಲ್ಲಿ ‘ಡಿ’ ಎಂದರೆ ಸಾಮಾನ್ಯ ಅಗಲ, ‘2ಇ’ ಎಂದರೆ ಅಗಲ, ‘4ಇ’ ಎಂದರೆ ಇನ್ನೂ ಅಗಲ. ಹೆಂಗಸರ ಶೂಗಳಲ್ಲಿ ‘ಬಿ’ ಸಾಮಾನ್ಯ, ‘ಡಿ’ ಅಗಲ. ಇಂಥವನ್ನು ತಯಾರಿಸುವ ಕಂಪನಿಗಳಿವೆ. ನಮ್ಮ ಊರಿನ ಅಂಗಡಿಗಳ ಕಪಾಟಿನಲ್ಲಿ ಅವು ಅಪರೂಪ. ಕೇಳುವವರು ಹೆಚ್ಚಾದರೆ ತರಿಸುತ್ತಾರೆ ಎಂಬ ನಂಬಿಕೆಯಿಂದಲಾದರೂ ಕೇಳಬೇಕು.

ಅಗಲ ಸರಿಯಿದೆಯೇ ಎಂದು ತಿಳಿಯಲು ಸುಲಭದ ಉಪಾಯವೊಂದಿದೆ. ಶೂ ಒಳಗಿನ ತೆಳು ಹಾಸನ್ನು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಪಾದದ ಅಂಚು ಹಾಸಿನಿಂದ ಆಚೆ ಚೆಲ್ಲಿಕೊಂಡರೆ ಆ ಶೂ ನಿಮಗೆ ಕಿರಿದು. ಅಂಗಡಿಯವರು ಇದಕ್ಕೆ ಬೇಡವೆನ್ನುವುದಿಲ್ಲ.

ಕೊಳ್ಳಲು ಹೋಗಬೇಕಾದದ್ದು ಸಂಜೆ. ದಿನವಿಡೀ ನಿಂತು ನಡೆದ ಪಾದ ಸಂಜೆಗೆ ಊದಿರುತ್ತದೆ, ಓಡುವಾಗಿನ ಪಾದಕ್ಕೆ ಅದು ಹತ್ತಿರ. ಓಡುವಾಗ ಹಾಕುವ ಕಾಲುಚೀಲವನ್ನೇ ಒಯ್ಯಿರಿ. (ಹತ್ತಿಯ ಕಾಲುಚೀಲ ಓಟಕ್ಕೆ ಬೇಡ, ಬೆವರು ಹೀರಿ ಒದ್ದೆಯಾಗಿ ಉಳಿದು ಗುಳ್ಳೆ ಏಳಿಸುತ್ತದೆ.) ಕಾಲುಂಗುರ ಹಾಕುವವರು ಅದನ್ನು ಹಾಕಿಕೊಂಡೇ ಶೂ ತೊಟ್ಟು ನೋಡಬೇಕು. ಮುಂಭಾಗ ಬಿಗಿಯಾದ ಶೂನಲ್ಲಿ ಉಂಗುರ ಪಕ್ಕದ ಬೆರಳನ್ನು ಉಜ್ಜಿ ಗಾಯ ಮಾಡುವುದನ್ನು ವಿದೇಶದ ಯಾವ ಶೂ ಮಾರ್ಗದರ್ಶಿಯೂ ಹೇಳುವುದಿಲ್ಲ. ಎರಡೂ ಕಾಲಿಗೆ ಶೂ ಹಾಕಿ, ಲೇಸ್ ಪೂರ್ತಿ ಕಟ್ಟಿ, ಎದ್ದು ನಿಂತು, ಅತಿ ಉದ್ದದ ಬೆರಳಿನ ಮುಂದೆ ನಿಮ್ಮ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಇದೆಯೇ ನೋಡಿ. ಕೂತಲ್ಲೇ ಅಮುಕಿ ನೋಡಿದರೆ ಪ್ರಯೋಜನವಿಲ್ಲ. ಭಾರ ಬಿದ್ದಾಗ ಪಾದ ಮುಂದಕ್ಕೆ ಹರಡುತ್ತದೆ. ಈ ಜಾಗ ಇಲ್ಲದೆ ಓಡಿದವರ ಉಗುರು ಕಪ್ಪಾಗುತ್ತದೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಬೆರಳು ಮುಂದಿನ ಗೋಡೆಗೆ ಬಡಿದು ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟುವುದರಿಂದ ಹಾಗಾಗುತ್ತದೆ. ಅದನ್ನು ಓಟಗಾರರ ಬಿರುದು ಎಂಬಂತೆ ಹೆಮ್ಮೆಯಿಂದ ತೋರಿಸುವವರಿದ್ದಾರೆ. ಹೆಚ್ಚಿನ ವೇಳೆ ಅದು ಶೂ ಚಿಕ್ಕದಾಯಿತು ಎಂಬುದರ ಗುರುತು.

ಮುಂಭಾಗದಲ್ಲಿ ಬೆರಳುಗಳು ಆಡಬೇಕು, ನಡುಭಾಗ ಹಿತವಾಗಿ ಅಪ್ಪಿಕೊಂಡಿರಬೇಕು, ಹಿಮ್ಮಡಿ ಕದಲಬಾರದು. ಹಿಮ್ಮಡಿ ಮಾತ್ರ ಸ್ವಲ್ಪ ಜಾರುತ್ತಿದ್ದರೆ ಶೂ ಬದಲಿಸುವ ಮುನ್ನ ಮೇಲ್ತುದಿಯಲ್ಲಿರುವ ಕೊನೆಯ ತೂತನ್ನು ಬಳಸಿ. ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿ ಚಿಕ್ಕ ಕುಣಿಕೆ ಬಿಟ್ಟು, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಿದರೆ ಹಿಮ್ಮಡಿ ಅಲ್ಲೇ ಕೂರುತ್ತದೆ. ಬಹಳ ಜನ ಆ ಕೊನೆಯ ತೂತು ಅಲಂಕಾರಕ್ಕಿದೆ ಎಂದು ತಿಳಿದಿರುತ್ತಾರೆ. ಇಷ್ಟಾದ ಮೇಲೆ ಓಡಿ ನೋಡಬೇಕು. ನಡೆಯುವುದಲ್ಲ, ಓಡುವುದು. ಅಂಗಡಿಯ ಒಳಗೋ ಎದುರಿನ ಫುಟ್‌ಪಾತಿನಲ್ಲೋ ಎರಡು ಮೂರು ನಿಮಿಷವಾದರೂ. ಸಂಕೋಚ ಬೇಡ, ನೀವು ಕೊಳ್ಳುತ್ತಿರುವುದು ಓಡುವ ವಸ್ತು.

ಈಗ ಹೆಚ್ಚು ಗೊಂದಲವಿರುವ ವಿಷಯಕ್ಕೆ ಬರುತ್ತೇನೆ. ದೊಡ್ಡ ಅಂಗಡಿಗಳಿಗೆ ಹೋದರೆ ನಿಮ್ಮನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ವಿಡಿಯೊ ತೆಗೆಯುತ್ತಾರೆ, ಅಥವಾ ಪಾದದ ಗುರುತು ತೆಗೆಯುತ್ತಾರೆ. ಕೆಂಪು ಗಾರೆ ನೆಲದ ಮೇಲೆ ಒದ್ದೆ ಕಾಲಿಟ್ಟರೆ ಮೂಡುವ ಗುರುತಿನಿಂದ ಮನೆಯಲ್ಲೇ ಇದನ್ನು ಕಾಣಬಹುದು: ಕೆಲವರ ಗುರುತಿನ ನಡುಭಾಗ ಕಿರಿದು, ಕೆಲವರದು ಪೂರ್ತಿ ತುಂಬಿರುತ್ತದೆ. ತುಂಬಿದ್ದರೆ ಚಪ್ಪಟೆ ಪಾದ. ಹೆಜ್ಜೆ ಊರಿದಾಗ ಪಾದ ಒಳಕ್ಕೆ ವಾಲುವುದಕ್ಕೆ ಪ್ರೊನೇಶನ್ ಎನ್ನುತ್ತಾರೆ. ಅದು ಎಲ್ಲರಲ್ಲೂ ಇರುವ ಸಹಜ ಚಲನೆ, ಹೊಡೆತವನ್ನು ಹಂಚುವ ದಾರಿ. ಅದು ‘ಹೆಚ್ಚಾದವರಿಗೆ’ ಒಳಬದಿಯಲ್ಲಿ ಗಟ್ಟಿ ಫೋಮ್ ಇರುವ ಸ್ಟೆಬಿಲಿಟಿ ಶೂ, ಉಳಿದವರಿಗೆ ನ್ಯೂಟ್ರಲ್ ಶೂ ಎಂಬ ವಿಂಗಡಣೆ ದಶಕಗಳಿಂದ ನಡೆದುಬಂದಿದೆ. ಕೇಳಲು ಬಹಳ ವೈಜ್ಞಾನಿಕ. ಪರೀಕ್ಷೆಗೆ ಒಡ್ಡಿದಾಗ ಅದು ಅಷ್ಟಾಗಿ ನಿಲ್ಲಲಿಲ್ಲ.

ಅಮೆರಿಕದ ಭೂಸೇನೆ, ವಾಯುಸೇನೆ ಮತ್ತು ಮರೀನ್ ದಳದ ತರಬೇತಿ ಕೇಂದ್ರಗಳಲ್ಲಿ ಸಾವಿರಾರು ಹೊಸಬರ ಮೇಲೆ ಪ್ರಯೋಗ ನಡೆಯಿತು. ಅರ್ಧದಷ್ಟು ಮಂದಿಗೆ ಪಾದದ ಕಮಾನು ನೋಡಿ ಅದಕ್ಕೆ ‘ತಕ್ಕ’ ಶೂ ಕೊಟ್ಟರು; ಉಳಿದವರಿಗೆ ಕಮಾನು ಹೇಗೇ ಇರಲಿ ಒಂದೇ ಬಗೆಯ ಶೂ. 2009 ಮತ್ತು 2010ರಲ್ಲಿ ಪ್ರಕಟವಾದ ಈ ಮೂರೂ ಅಧ್ಯಯನಗಳಲ್ಲಿ ಎರಡು ಗುಂಪುಗಳ ಗಾಯದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಡೆನ್ಮಾರ್ಕಿನಲ್ಲಿ 927 ಹೊಸ ಓಟಗಾರರಿಗೆ, ಪಾದ ಒಳಕ್ಕೆ ವಾಲುವವರೂ ಸೇರಿದಂತೆ, ಒಂದೇ ನ್ಯೂಟ್ರಲ್ ಶೂ ಕೊಟ್ಟು ಒಂದು ವರ್ಷ ಗಮನಿಸಿದರು. ಪಾದ ಸಾಧಾರಣವಾಗಿ ವಾಲುವವರಿಗೆ ಹೆಚ್ಚು ಗಾಯವಾಗಲಿಲ್ಲ. ಇನ್ನೊಂದು ಕಡೆಯ ಸಾಕ್ಷ್ಯವನ್ನೂ ಹೇಳಬೇಕು: 2016ರಲ್ಲಿ ಪ್ರಕಟವಾದ ಲಕ್ಸೆಂಬರ್ಗಿನ 372 ಓಟಗಾರರ ಪ್ರಯೋಗದಲ್ಲಿ ಪಾದ ಬಹಳ ಒಳವಾಲುವವರಿಗೆ ಆ ವಾಲುವಿಕೆಯನ್ನು ನಿಯಂತ್ರಿಸುವ ಶೂ ಉಪಕಾರ ಮಾಡಿತು. ಹಾಗಾಗಿ ಆ ಶೂಗಳು ಯಾರಿಗೂ ಬೇಡ ಎನ್ನಲಾಗದು. ಆದರೆ ‘ನಿಮ್ಮದು ಚಪ್ಪಟೆ ಪಾದ, ಇದನ್ನು ಕೊಳ್ಳದಿದ್ದರೆ ಮಂಡಿ ಹೋಗುತ್ತದೆ’ ಎಂದು ಹೆದರಿಸುವುದಕ್ಕೆ ಆಧಾರವಿಲ್ಲ. 2022ರಲ್ಲಿ ಕಾಕ್ರೇನ್ ಸಂಸ್ಥೆ 12 ಪ್ರಯೋಗಗಳನ್ನು, ಒಟ್ಟು 11,240 ಜನರ ಮಾಹಿತಿಯನ್ನು ಒಟ್ಟಿಗಿಟ್ಟು ಪರಿಶೀಲಿಸಿತು. ಒಂದು ಬಗೆಯ ಶೂ ಇನ್ನೊಂದಕ್ಕಿಂತ ಹೆಚ್ಚು ಗಾಯ ತಪ್ಪಿಸುತ್ತದೆ ಎನ್ನಲು ಗಟ್ಟಿ ಸಾಕ್ಷ್ಯ ಅಲ್ಲಿಯೂ ಸಿಗಲಿಲ್ಲ.

ಚಪ್ಪಟೆ ಪಾದದ ಬಗ್ಗೆ ನಮ್ಮ ಮಣಿಪಾಲದ ಅಧ್ಯಯನವೊಂದು ಜಗತ್ತಿನ ಗಮನ ಸೆಳೆದಿತ್ತು. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆ ತಜ್ಞರು 4ರಿಂದ 13 ವರ್ಷದ 2,300 ಮಕ್ಕಳ ಪಾದದ ಗುರುತು ತೆಗೆದು 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ 8.6ರಷ್ಟು, ಹಾಕದ ಮಕ್ಕಳಲ್ಲಿ ಶೇ 2.8ರಷ್ಟು ಚಪ್ಪಟೆ ಪಾದ. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಅತಿ ಹೆಚ್ಚು. ಬರಿಗಾಲಲ್ಲಿ ಆಡಿ ಬೆಳೆದ ನಮ್ಮ ಹಿರಿಯರ ಪಾದ ಅಗಲವಾಗಿ, ಬೆರಳುಗಳು ಬಿಡಿಬಿಡಿಯಾಗಿ ಇರುವುದನ್ನು ನೋಡಿದವರಿಗೆ ಇದು ಆಶ್ಚರ್ಯ ತರದು. ಪಾದವನ್ನು ಮುಚ್ಚಿ ಬಿಗಿಯುವುದೇ ರಕ್ಷಣೆಯಲ್ಲ ಎಂಬಷ್ಟನ್ನು ಇದರಿಂದ ತಿಳಿದುಕೊಳ್ಳಬಹುದು. ಚಪ್ಪಲಿಯನ್ನೂ ಬಿಟ್ಟು ನಾಳೆಯಿಂದಲೇ ಡಾಂಬರಿನ ಮೇಲೆ ಬರಿಗಾಲಲ್ಲಿ ಓಡಿ ಎಂದು ಇದರ ಅರ್ಥವಲ್ಲ. ನಲವತ್ತು ವರ್ಷ ಶೂನಲ್ಲಿದ್ದ ಮೀನಖಂಡ, ಪಾದದ ಮೂಳೆ ಆ ಹೊರೆಗೆ ಒಂದೇ ದಿನದಲ್ಲಿ ಸಿದ್ಧವಾಗುವುದಿಲ್ಲ.

ವಿಂಗಡಣೆಯನ್ನು ನಂಬಲಾಗದಿದ್ದರೆ ಇನ್ಯಾವುದನ್ನು ನಂಬುವುದು? ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಓಟದ ಚಲನೆಯನ್ನು ಅಧ್ಯಯನ ಮಾಡಿದ ಬೆನ್ನೋ ನಿಗ್ ಮತ್ತು ಅವರ ಸಹೋದ್ಯೋಗಿಗಳು 2015ರಲ್ಲಿ ಕೊಟ್ಟ ಉತ್ತರ ಸರಳವಾದದ್ದು: ಓಡುವವರ ಹಿತವನ್ನು. ಪ್ರತಿ ದೇಹಕ್ಕೂ ಅದರದೇ ಆದ ಚಲನೆಯ ಜಾಡಿದೆ; ಆ ಜಾಡಿಗೆ ಅಡ್ಡಬರದ ಶೂ ಕಾಲಿಗೆ ಹಿತವೆನಿಸುತ್ತದೆ; ಹಿತವೆನಿಸಿದ್ದನ್ನು ಆರಿಸಿಕೊಂಡರೆ ಗಾಯದ ಸಂಭವವೂ ಕಡಿಮೆಯಾದೀತು ಎಂಬುದು ಅವರ ವಾದ. ಅದೇ ಪ್ರಯೋಗಾಲಯದವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 206 ಸೇನಾ ಸಿಬ್ಬಂದಿ ಭಾಗವಹಿಸಿದ್ದರು. ಶೂ ಒಳಗೆ ಹಾಕುವ ಆರು ಬಗೆಯ ಹಾಸುಗಳನ್ನು ತೋರಿಸಿ ಹಿತವಾದದ್ದನ್ನು ಆರಿಸಿಕೊಳ್ಳಲು ಹೇಳಿದರು. ಎಲ್ಲರೂ ಒಂದನ್ನೇ ಆರಿಸಲಿಲ್ಲ. ತಮಗೆ ಹಿಡಿಸಿದ್ದನ್ನು ಹಾಕಿಕೊಂಡವರಿಗೆ, ಏನೂ ಹಾಕದೆ ಇದ್ದವರಿಗಿಂತ ನೋವು, ಗಾಯಗಳು ಕಡಿಮೆ ಕಂಡವು. ಒಂದೆರಡು ಅಧ್ಯಯನದಿಂದ ನಿಯಮವಾಗದು, ನಿಜ. ಆದರೂ ಸಾಮಾನ್ಯ ಓಟಗಾರನ ಕೈಯಲ್ಲಿರುವ ಅಳತೆಗೋಲುಗಳಲ್ಲಿ ಇದಕ್ಕಿಂತ ಮೇಲಾದದ್ದು ನನಗೆ ಕಂಡಿಲ್ಲ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದದ್ದು ಎಲ್ಲರಿಗೂ ಗೊತ್ತು. ಅಲ್ಲಿ ಸಿಕ್ಕ ಶೂಗಳು ಕಾಲಿಗೆ ಹೊಂದಲಿಲ್ಲವೆಂದು ಅವರು ಬರಿಗಾಲನ್ನು ಆರಿಸಿಕೊಂಡರು. ನಾಲ್ಕು ವರ್ಷದ ಬಳಿಕ ಟೋಕಿಯೋದಲ್ಲಿ ಶೂ ಹಾಕಿ ಓಡಿ ಮತ್ತೆ ಗೆದ್ದರು.

ಹಿತ ಎಂದರೆ ಮೆತ್ತಗೆ ಎಂದಲ್ಲ. ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಈಚಿನ ಶೂಗಳ ಅಡಿ ದಪ್ಪವಾಗುತ್ತಾ, ಮೆದುವಾಗುತ್ತಾ ಹೋಗಿದೆ. ಬೂರುಗದ ಹತ್ತಿಯ ಹೊಸ ಹಾಸಿಗೆಯ ಮೇಲೆ ಕೂತರೆ ಸುಖ, ನಡೆದರೆ ಕಾಲು ತಡವರಿಸುತ್ತದೆ. ಅತಿ ಮೆತ್ತನೆಯ ಶೂ ಅಂಗಡಿಯಲ್ಲಿ ನಿಂತಾಗ ಹಾಯೆನಿಸಿ, ತಿರುವಿನಲ್ಲಿ, ಎದ್ದುಬಿದ್ದ ಕಲ್ಲುಚಪ್ಪಡಿಯ ಫುಟ್‌ಪಾತಿನಲ್ಲಿ ಹರಡನ್ನು ಅತ್ತಿತ್ತ ವಾಲಿಸುತ್ತದೆ. ಹಾಗೆಂದು ಗಟ್ಟಿಯದೇ ಒಳ್ಳೆಯದು ಎಂದೂ ಅಲ್ಲ. ಲಕ್ಸೆಂಬರ್ಗಿನ ಅದೇ ಸಂಶೋಧಕರು 2020ರಲ್ಲಿ ಪ್ರಕಟಿಸಿದ, ಎಂಟುನೂರಕ್ಕೂ ಹೆಚ್ಚು ಓಟಗಾರರ ಪ್ರಯೋಗದಲ್ಲಿ ಗಟ್ಟಿ ಶೂ ಹಾಕಿದವರಿಗೆ ಮೆದು ಶೂ ಹಾಕಿದವರಿಗಿಂತ ಹೆಚ್ಚು ಗಾಯಗಳಾದವು. ವಿಚಿತ್ರವೆಂದರೆ, ಮೆದುತನದ ಲಾಭ ಕಂಡದ್ದು ಭಾರದ ಮೈಯವರಲ್ಲಿ ಅಲ್ಲ, ಹಗುರ ಮೈಯವರಲ್ಲಿ. ‘ನೀವು ದಪ್ಪ ಇದ್ದೀರಿ, ಅದಕ್ಕೆ ಮೆತ್ತನೆಯದು ತೊಗೊಳ್ಳಿ’ ಎಂಬ ಸಲಹೆ ಎಷ್ಟು ಸಡಿಲವಾದದ್ದು ಎಂಬುದು ಇದರಿಂದ ತಿಳಿಯುತ್ತದೆ.

ಫೋಮ್ ಬಗ್ಗೆ ಸ್ವಲ್ಪ. ಬಹುಕಾಲದಿಂದ ಬಳಕೆಯಲ್ಲಿರುವುದು ಇವಿಎ, ಅಂದರೆ ಎಥಿಲೀನ್ ವಿನೈಲ್ ಅಸಿಟೇಟ್. ಅಗ್ಗ, ಹಗುರ, ದಿನದ ಓಟಕ್ಕೆ ಸಾಕು. ಪೆಬಾ ಎಂಬ ಹೊಸ ಬಗೆಯ ಫೋಮ್ ಹೆಚ್ಚು ಪುಟಿಯುತ್ತದೆ, ಬೆಲೆಯೂ ಹೆಚ್ಚು. 2017ರಿಂದ ಈಚೆಗೆ ಅದರ ನಡುವೆ ಕಾರ್ಬನ್ ಫೈಬರಿನ ತಟ್ಟೆ ಇಟ್ಟ ಸ್ಪರ್ಧೆಯ ಶೂಗಳು ಬಂದು ಮ್ಯಾರಥಾನ್ ದಾಖಲೆಗಳನ್ನು ಬದಲಿಸಿದವು. 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಶೂಗಳ ಅಡಿ 40 ಮಿಲಿಮೀಟರಿಗಿಂತ ದಪ್ಪ ಇರಕೂಡದೆಂದು ಮಿತಿ ಹಾಕಿತು. ವಾರಕ್ಕೆ ಮೂರು ದಿನ, ಒಂದು ಕಿಲೋಮೀಟರಿಗೆ ಏಳು ನಿಮಿಷದಂತೆ ಓಡುವವರಿಗೆ ಈ ಶೂ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ದುಬಾರಿ, ಬೇಗ ಸವೆಯುತ್ತದೆ, ನಿಧಾನದ ಓಟದಲ್ಲಿ ಓಲಾಡಿಸುತ್ತದೆ. ಅದನ್ನು ಹಾಕಿ ಓಡಿದ ಐವರಲ್ಲಿ ಪಾದದ ನಡುವಿನ ನ್ಯಾವಿಕ್ಯುಲರ್ ಎಂಬ ಮೂಳೆಗೆ ಪೆಟ್ಟಾದುದನ್ನು 2023ರಲ್ಲಿ ವೈದ್ಯರ ತಂಡವೊಂದು ದಾಖಲಿಸಿದೆ. ಐವರಿಂದ ತೀರ್ಮಾನಕ್ಕೆ ಬರಲಾಗದು, ಎಚ್ಚರಿಕೆಗೆ ಮಾತ್ರ ಸಾಕು.

ಬೆಲೆಯ ವಿಷಯದಲ್ಲಿ ಸ್ಕಾಟ್ಲೆಂಡಿನ ಡಂಡೀಯ ಅಧ್ಯಯನವೊಂದು ನೆನಪಿಡುವಂಥದ್ದು. ಮೂರು ಕಂಪನಿಗಳ ಕಡಿಮೆ, ಮಧ್ಯಮ, ಹೆಚ್ಚು ಬೆಲೆಯ ಶೂಗಳನ್ನು ಗುರುತು ಸಿಗದಂತೆ ಮಾಡಿ 43 ಗಂಡಸರಿಗೆ ತೊಡಿಸಿದರು. ಅಂಗಾಲಿನ ಮೇಲಿನ ಒತ್ತಡದಲ್ಲಾಗಲಿ, ಹಿತದಲ್ಲಾಗಲಿ ಬೆಲೆಗೆ ತಕ್ಕ ವ್ಯತ್ಯಾಸವಿರಲಿಲ್ಲ. 2008ರ ಆ ಫಲಿತಾಂಶ ಅಲ್ಲಿನ ಆಗಿನ ಶೂಗಳದ್ದು. ನಮ್ಮ ಸಂತೆಯಲ್ಲಿ ಸಿಗುವ, ಹೆಸರಾಂತ ಕಂಪನಿಯ ಗುರುತನ್ನು ನಕಲು ಮಾಡಿದ ಶೂಗಳಿಗೆ ಅದನ್ನು ಅನ್ವಯಿಸಬೇಡಿ. ಅಸಲಿ ರನ್ನಿಂಗ್ ಶೂಗಳಲ್ಲಿ ಮಧ್ಯಮ ಬೆಲೆಯದು, ಅದರಲ್ಲೂ ಹೊಸ ಮಾದರಿ ಬಂದೊಡನೆ ದರ ಇಳಿಯುವ ಹಿಂದಿನ ವರ್ಷದ್ದು, ಹವ್ಯಾಸಿಗಳಿಗೆ ಧಾರಾಳ ಸಾಕು.

ಹಿಮ್ಮಡಿಯ ಕಡೆಯ ದಪ್ಪಕ್ಕೂ ಬೆರಳಿನ ಕಡೆಯ ದಪ್ಪಕ್ಕೂ ಇರುವ ಅಂತರವನ್ನು ಡ್ರಾಪ್ ಎನ್ನುತ್ತಾರೆ. 0ಯಿಂದ 12 ಮಿಲಿಮೀಟರ್ ತನಕ ಇರುತ್ತದೆ. ಅದು ಕಡಿಮೆಯಾದಷ್ಟೂ ಹೊರೆ ಮೀನಖಂಡಕ್ಕೆ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜಿಗೆ ಹೋಗುತ್ತದೆ. ಹೆಚ್ಚಾದರೆ ಮಂಡಿಯ ಕಡೆಗೆ. ಹಳೆಯ ಶೂನ ಡ್ರಾಪ್ 10 ಇದ್ದವರು ದಿಢೀರನೆ 4ಕ್ಕೆ ಇಳಿಯಬೇಡಿ, ಅಷ್ಟೇ.

ಎಲ್ಲಿ ಓಡುತ್ತೀರಿ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಂಗಳೂರಿನ ಕಾಂಕ್ರೀಟ್ ರಸ್ತೆಗೆ, ಅಲ್ಲಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಮಣ್ಣಿನ ದಾರಿಗೆ ಸಾಧಾರಣ ರಸ್ತೆ ಶೂ ಸಾಲುತ್ತದೆ. ಚಡಿ ಆಳವಾದ ಟ್ರೇಲ್ ಶೂ ಬೇಕಾಗುವುದು ಮಲೆನಾಡಿನ, ಕೊಡಗಿನ ಜಾರು ಹಾದಿಗಳಿಗೆ. ಧಾರವಾಡ, ಗದಗ ಕಡೆಯ ಎರೆ ಭೂಮಿಯಲ್ಲಿ ಮಳೆಗಾಲದಲ್ಲಿ ಓಡುವವರ ಪಾಡು ಬೇರೆ. ಒದ್ದೆ ಎರೆಮಣ್ಣು ಚಡಿಯಲ್ಲಿ ಮೆತ್ತಿಕೊಂಡು ಪ್ರತಿ ಹೆಜ್ಜೆಗೂ ಶೂ ಭಾರವಾಗುತ್ತದೆ, ಆಗ ಡಾಂಬರಿನ ರಸ್ತೆಯೇ ವಾಸಿ.

ಹಿತವನ್ನು ನಂಬಿ ಎಂದು ಇಷ್ಟು ಹೊತ್ತು ಹೇಳಿದ ಮಾತು ಒಂದು ಗುಂಪಿನವರಿಗೆ ಅನ್ವಯಿಸುವುದಿಲ್ಲ, ಮತ್ತು ನಮ್ಮಲ್ಲಿ ಆ ಗುಂಪು ದೊಡ್ಡದು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಸ್ಪರ್ಶ ಕಳೆದುಕೊಂಡಿದ್ದರೆ ಬಿಗಿ ಶೂ ಕೂಡ ಹಿತವೆಂದೇ ತೋರುತ್ತದೆ. ಗುಳ್ಳೆ ಎದ್ದು ಒಡೆದು ಹುಣ್ಣಾಗುವ ತನಕ ಗೊತ್ತಾಗುವುದಿಲ್ಲ. ಅಂಥವರು ಶೂ ಕೊಳ್ಳುವ ಮೊದಲು ವೈದ್ಯರಿಂದ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅಳತೆಯನ್ನು ಬೇರೆಯವರಿಂದ ನೋಡಿಸಬೇಕು, ಓಡಿ ಅಥವಾ ನಡೆದು ಬಂದ ಪ್ರತಿ ದಿನವೂ ಅಂಗಾಲು, ಬೆರಳ ಸಂದುಗಳನ್ನು ಕಣ್ಣಾರೆ ನೋಡಿಕೊಳ್ಳಬೇಕು. ತಮಗೆ ಕಾಣದಿದ್ದರೆ ಕನ್ನಡಿ ಹಿಡಿದು, ಇಲ್ಲವೇ ಮನೆಯವರಿಂದ. ಶೂ ಹಾಕುವ ಮುನ್ನ ಒಳಗೆ ಕೈಯಾಡಿಸಿ ಹರಳು, ಮುಳ್ಳು ಇದೆಯೇ ನೋಡಬೇಕು.

ಒಳ್ಳೆಯ ಶೂ ಸಿಕ್ಕಿತೆಂದು ಓಟವನ್ನು ಒಮ್ಮೆಲೇ ಹೆಚ್ಚಿಸಿದರೆ ಶೂ ಕಾಪಾಡುವುದಿಲ್ಲ. ಐದು ಸಾವಿರಕ್ಕೂ ಹೆಚ್ಚು ಓಟಗಾರರನ್ನು ಒಂದೂವರೆ ವರ್ಷ ಗಮನಿಸಿ 2025ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ 30 ದಿನಗಳಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಶೇ 10ಕ್ಕೂ ಹೆಚ್ಚು ದೂರವನ್ನು ಒಂದೇ ದಿನ ಓಡಿದವರಲ್ಲಿ ಗಾಯದ ಸಂಭವ ಏರಿತು. ಐದು ಕಿಲೋಮೀಟರ್ ಓಡುತ್ತಿದ್ದವರು ಗೆಳೆಯರ ಜೊತೆ ಸೇರಿ ಭಾನುವಾರ ಹತ್ತು ಓಡಿ, ಸೋಮವಾರ ಶೂಗೆ ಬೈಯುವುದನ್ನು ಕಂಡಿದ್ದೇನೆ. ಎರಡು ಬಗೆಯ ಶೂಗಳನ್ನು ಬದಲಾಯಿಸುತ್ತಾ ಓಡುವುದು ಮಾತ್ರ ಒಳ್ಳೆಯದು ಎನ್ನಲು ಆಧಾರವಿದೆ. ಲಕ್ಸೆಂಬರ್ಗಿನ 264 ಓಟಗಾರರ ಅಧ್ಯಯನದಲ್ಲಿ ಹಾಗೆ ಮಾಡಿದವರಿಗೆ ಗಾಯದ ಸಂಭವ ಶೇ 39ರಷ್ಟು ಕಡಿಮೆ ಕಂಡಿತ್ತು. ಹೊರೆ ಬೇರೆ ಬೇರೆ ಜಾಗಕ್ಕೆ ಹಂಚಿಹೋಗುವುದು ಕಾರಣವಿರಬಹುದು. ನಮ್ಮ ಮಳೆಗಾಲಕ್ಕಂತೂ ಎರಡು ಜೊತೆ ಅನುಕೂಲ: ಒಂದು ಒಣಗುವಾಗ ಇನ್ನೊಂದು. ಒಣಗಿಸುವಾಗ ಒಳಹಾಸು ತೆಗೆದು, ಹಳೆಯ ದಿನಪತ್ರಿಕೆ ತುರುಕಿ, ಗಾಳಿಯಾಡುವ ನೆರಳಿನಲ್ಲಿಡಿ. ಸುಡು ಬಿಸಿಲಿಗೋ, ಒಲೆಯ ಪಕ್ಕಕ್ಕೋ ಇಟ್ಟರೆ ಅಂಟು ಬಿಡುತ್ತದೆ, ಫೋಮ್ ಬಿರುಸಾಗುತ್ತದೆ.

ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಓಡಿದ ಮೇಲೆ ಶೂ ಬದಲಿಸುವುದು ವಾಡಿಕೆ. ಅಡಿಯ ರಬ್ಬರ್ ಚೆನ್ನಾಗಿಯೇ ಇದ್ದು ಒಳಗಿನ ಫೋಮ್ ಸತ್ತಿರಬಹುದು. ಪಕ್ಕದಿಂದ ನೋಡಿದರೆ ಅದರಲ್ಲಿ ಅಡ್ಡ ಸುಕ್ಕುಗಳು ಕೂತಿರುತ್ತವೆ, ಸಮನೆಲದ ಮೇಲಿಟ್ಟರೆ ಶೂ ಒಂದು ಕಡೆಗೆ ವಾಲುತ್ತದೆ, ಹೊಸದಾಗಿ ಸಣ್ಣ ನೋವುಗಳು ಕಾಣಿಸಿಕೊಳ್ಳುತ್ತವೆ. ಆಗ ಅದನ್ನು ನಡೆಯುವುದಕ್ಕೋ ತರಕಾರಿ ತರುವುದಕ್ಕೋ ಬಿಟ್ಟು ಹೊಸದನ್ನು ತನ್ನಿ. ಅದೇ ಹೆಸರಿನ ಶೂ ಸಿಕ್ಕಿತೆಂದು ಕಣ್ಣುಮುಚ್ಚಿ ತರಬೇಡಿ. ಕಂಪನಿಗಳು ವರ್ಷಕ್ಕೋ ಎರಡು ವರ್ಷಕ್ಕೋ ಅದೇ ಹೆಸರಿನ ಮುಂದೆ ಹೊಸ ಸಂಖ್ಯೆ ಹಚ್ಚಿ ಅಚ್ಚನ್ನೋ ಫೋಮನ್ನೋ ಬದಲಿಸಿರುತ್ತವೆ. ಮತ್ತೆ ಸಂಜೆ ಹೋಗಿ, ಮತ್ತೆ ಓಡಿ ನೋಡಿಯೇ ಕೊಳ್ಳಬೇಕು. ದೊಡ್ಡ ಓಟಗಳ ಹಿಂದಿನ ದಿನಗಳಲ್ಲಿ ಎದೆಗೆ ಅಂಟಿಸುವ ನಂಬರ್ ಪಡೆಯಲು ಹೋದಾಗ ಅಲ್ಲೇ ಶೂ ಮಳಿಗೆಗಳೂ ಇರುತ್ತವೆ, ದರದಲ್ಲಿ ರಿಯಾಯಿತಿಯೂ ಇರುತ್ತದೆ. ಹಿತವಾದದ್ದು ಸಿಕ್ಕರೆ ಧಾರಾಳವಾಗಿ ಕೊಳ್ಳಿ. ಮರುದಿನ ಓಡುವುದು ಮಾತ್ರ ಹಳೆಯ ಶೂನಲ್ಲೇ ಇರಲಿ. ಹೊಸದನ್ನು ಮುಂದಿನ ವಾರದ ಮೂರು ಕಿಲೋಮೀಟರಿಗೆ ತೆಗೆಯಿರಿ.